ಚಿಪ್ಪು ಗಟ್ಟಿಯಾಗುವ ತನಕ

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಪುಟ್ಟಯ್ಯ ಎಂಬ ಗುರುಗಳಿದ್ದರು. ಎರಡು ಸೋಗೆ ಗುಡಿಸಲು, ಒಂದು ಬಾವಿ, ಒಂದು ಸಣ್ಣ ದೋಣಿ. ಅವರ ಆಶ್ರಮವೆಂದರೆ ಇಷ್ಟೇ.

ಶಿಷ್ಯರು ಬರುತ್ತಿದ್ದರು, ಹೋಗುತ್ತಿದ್ದರು. ಹೋಗದೆ ಉಳಿದವನು ಜಟ್ಟಪ್ಪ ಒಬ್ಬನೇ.

ಜಟ್ಟಪ್ಪ ಮೊದಲು ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಸಿಟ್ಟಿನಲ್ಲಿ ಜೊತೆಯವನೊಬ್ಬನ ದವಡೆ ಮುರಿದ. ಆ ಮುರಿದ ಸದ್ದು ಅವನ ಕಿವಿ ಬಿಟ್ಟು ಹೋಗಲಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದ.

ಬಂದ ದಿನವೇ ಕೇಳಿದ: "ಗುರುವೇ, ಈ ತೋಳುಗಳನ್ನು ಏನು ಮಾಡಲಿ?"

"ಸದ್ಯಕ್ಕೆ ನೀರು ಸೇದು," ಎಂದರು ಗುರು.

ಎರಡು ವರ್ಷ ನೀರು ಸೇದಿದ.

ಹೀಗಿರುವಾಗ ಒಂದು ಬೆಳಿಗ್ಗೆ ಮರಳು ದಾರಿಯಲ್ಲಿ ಒಬ್ಬ ಹೆಂಗಸು ನಡೆದುಬಂದಳು. ಅವಳ ಎಡಗೈ ಮುರಿದಿತ್ತು. ಸೆರಗಿನ ಚೂರಿನಿಂದ ಅದನ್ನು ಕೊರಳಿಗೆ ಕಟ್ಟಿಕೊಂಡಿದ್ದಳು. ತುಟಿ ಊದಿತ್ತು. ಆದರೂ ತಲೆ ತಗ್ಗಿಸಿರಲಿಲ್ಲ.

"ನಾನು ಸೋಮಿ," ಎಂದಳು. "ಆಚೆ ದಂಡೆಯ ಗೋಯ್ದನ ಹೆಂಡತಿ. ಇನ್ನು ಅಲ್ಲಿಗೆ ಹೋಗುವುದಿಲ್ಲ. ಇಲ್ಲಿ ಜಾಗ ಇದ್ದರೆ ಇರುತ್ತೇನೆ, ಇಲ್ಲದಿದ್ದರೆ ಮುಂದೆ ನಡೆಯುತ್ತೇನೆ."

"ಜಾಗ ಇದೆ," ಎಂದರು ಗುರು. ಬೇರೇನೂ ಕೇಳಲಿಲ್ಲ. ಬಿದಿರಿನ ದಬ್ಬೆ ಸೀಳಿ ತಾವೇ ಅವಳ ಕೈಗೆ ಕಟ್ಟು ಹಾಕಿದರು. ಎರಡನೇ ಗುಡಿಸಲು ಬಿಟ್ಟುಕೊಟ್ಟರು.

ಆಮೇಲೆ ಜಟ್ಟಪ್ಪನನ್ನು ಕರೆದರು. "ಅವಳ ಗುಡಿಸಲಿಗೆ ಕಾವಲಿರು."

ಜಟ್ಟಪ್ಪನ ಮುಖ ಅರಳಿತು. ಕೊನೆಗೂ ತೋಳುಗಳಿಗೊಂದು ಕೆಲಸ ಸಿಕ್ಕಿತ್ತು.

ಮೂರನೇ ದಿನ ಗೋಯ್ದ ಬಂದ. ಜೊತೆಗೆ ಇಬ್ಬರು ತಮ್ಮಂದಿರು.

"ನನ್ನ ಹೆಂಡತಿಯನ್ನು ಕೊಡಿ," ಎಂದ.

"ಇಲ್ಲಿ ಸೋಮಿ ಎಂಬವಳೊಬ್ಬಳಿದ್ದಾಳೆ," ಎಂದರು ಗುರು. "ನಿನ್ನ ವಸ್ತುವೇನೂ ಇಲ್ಲಿಲ್ಲ."

ಆ ದಿನ ಅವರು ಬೈದು ಹೋದರು. ಮುಂದಿನ ವಾರ ದೊಣ್ಣೆ ಹಿಡಿದು ಬಂದರು. ಜಟ್ಟಪ್ಪ ಬಾಗಿಲಿಗೆ ಅಡ್ಡ ನಿಂತ. ತಲೆಗೆ ಏಟು ಬಿತ್ತು, ಒಂದು ಹಲ್ಲು ಹೋಯಿತು. ಆದರೂ ಅವನು ಜಾಗ ಬಿಟ್ಟು ಕದಲಲಿಲ್ಲ. ಒಬ್ಬೊಬ್ಬರನ್ನೇ ಎತ್ತಿ ಕೆಸರಿಗೆ ಹಾಕಿದ. ಮೂವರೂ ಮೈಯೆಲ್ಲ ರಾಡಿ ಮಾಡಿಕೊಂಡು ದೋಣಿ ಹತ್ತಿದರು.

ಜಟ್ಟಪ್ಪ ಬಾಯಿಯ ರಕ್ತ ಉಗುಳಿದ. "ತಪ್ಪು ಮಾಡಿದೆನೇ, ಗುರುವೇ?"

"ಇಲ್ಲ," ಎಂದರು ಗುರು. "ಚೆನ್ನಾಗಿ ನಿಂತೆ."

ಸೋಮಿ ಬಿಸಿನೀರು ಕಾಯಿಸಿ ತಂದಳು. "ಜಟ್ಟಣ್ಣಾ, ಬಾಯಿ ತೊಳೆದುಕೋ," ಎಂದಳು.

ಆ 'ಅಣ್ಣ' ಎಂಬ ಮಾತು ಅವನಿಗೆ ಏಕೋ ಹಿಡಿಸಲಿಲ್ಲ. ಏಕೆಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

*

ಮೂರು ತಿಂಗಳು ಕಳೆಯಿತು. ಸೋಮಿಯ ಕೈ ಕೂಡಿತು. ಗೋಯ್ದ ಮತ್ತೆ ಈ ದಂಡೆಗೆ ಕಾಲಿಡಲಿಲ್ಲ.

ಜಟ್ಟಪ್ಪನ ಕಾವಲು ಮಾತ್ರ ಮುಗಿಯಲಿಲ್ಲ.

ಅವಳು ಬಾವಿಗೆ ಹೋದರೆ ಹಿಂದೆ ಹೋದ. ಸೌದೆಗೆ ಹೋದರೆ ಮುಂದೆ ಹೋದ. ಸಂತೆಗೆ ಹೊರಟರೆ, "ಏನು ಬೇಕು ಹೇಳು, ನಾನು ತರುತ್ತೇನೆ," ಎಂದ. ಅವಳು ಯಾರೊಡನೆಯಾದರೂ ನಿಂತು ಮಾತಾಡಿದರೆ ನಡುವೆ ಬಂದು ನಿಂತು ಕೆಮ್ಮಿದ.

ನೀರು ಇಳಿದಾಗ ಅಳಿವೆಯ ಕೆಸರಿನಲ್ಲಿ ಬಳಚು ಹೆಕ್ಕಲು ಆಚೆ ದಂಡೆಯ ಹೆಂಗಸರು ಬರುತ್ತಿದ್ದರು. ಬಳಚೆಂದರೆ ಕೆಸರಿನಡಿ ಸಿಗುವ ಚಿಪ್ಪುಮೀನು. ಆ ಹೆಂಗಸರಲ್ಲಿ ಹಿರಿಯಳು ಬೀರಮ್ಮ. ಗಂಡ ಸತ್ತು ಇಪ್ಪತ್ತು ವರ್ಷ, ಒಂಟಿ ಬದುಕು, ದೊಡ್ಡ ಗಂಟಲು.

"ಏ ಸೋಮೀ," ಎಂದು ಅವಳು ದೂರದಿಂದಲೇ ಕೂಗಿದಳು, "ಕೈ ಸರಿಯಾಯಿತಲ್ಲ! ಬಾ, ಬುಟ್ಟಿ ಕೊಡುತ್ತೇನೆ."

ಸೋಮಿ ಸೀರೆ ಎತ್ತಿ ಕಟ್ಟಿದಳು. ಜಟ್ಟಪ್ಪ ಅಡ್ಡ ಬಂದ.

"ಅಲ್ಲಿಗೆ ಬೇಡ. ಆಚೆ ದಂಡೆಯಿಂದ ನೋಡಿದರೆ ಕಾಣುತ್ತದೆ."

"ಕಾಣಲಿ."

"ಗೋಯ್ದ ಬಂದರೆ?"

"ಬರಲಿ. ಕೆಸರಲ್ಲಿ ನನ್ನಷ್ಟು ಬೇಗ ಓಡಲು ಅವನಿಗೆ ಆಗುವುದಿಲ್ಲ."

"ನಿನಗೆ ತಿಳಿಯುವುದಿಲ್ಲ, ಸೋಮಿ. ಒಳಗೆ ಹೋಗು."

ಸೋಮಿ ಅವನನ್ನು ಬಹಳ ಹೊತ್ತು ನೋಡಿದಳು. "ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ," ಎಂದಳು. "ಬೇರೆ ಬಾಯಿಂದ."

ಅವಳು ಒಳಗೆ ಹೋಗಲಿಲ್ಲ. ಕೆಸರಿಗೂ ಇಳಿಯಲಿಲ್ಲ. ಅಲ್ಲೇ ಬಿಸಿಲಲ್ಲಿ, ಇವನಿಗೆ ಬೆನ್ನು ಹಾಕಿ, ನೀರು ಏರುವ ತನಕ ನಿಂತಳು.

ಜಟ್ಟಪ್ಪ ಗುರುಗಳ ಬಳಿ ದೂರು ತಂದ.

"ಅವಳು ಮಾತು ಕೇಳುವುದಿಲ್ಲ. ನೀವಾದರೂ ಹೇಳಿ."

"ಏನೆಂದು ಹೇಳಲಿ?"

"ಕಾವಲಿರುವವನ ಮಾತು ಕೇಳಬೇಕು ಎಂದು."

ಗುರು ಎದ್ದರು. "ಬಾ," ಎಂದರು.

*

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಹಿಂದೆ, ನೀರು ಇಳಿದರೂ ಬತ್ತದ ಒಂದು ಕಲ್ಲುಗುಂಡಿ ಇತ್ತು. ಅದರ ಬದಿಯಲ್ಲಿ ಬಂಡೆಯ ಪೊಟರೆ. ಗುರು ಬಗ್ಗಿ ಬೆರಳು ತೋರಿಸಿದರು.

ಪೊಟರೆಯಲ್ಲಿ ದೊಡ್ಡದೊಂದು ಗಂಡು ಏಡಿ ಇತ್ತು. ಅದರ ಹೊಟ್ಟೆಯಡಿ ಒಂದು ಹೆಣ್ಣು ಏಡಿ. ಗಂಡು ಅದನ್ನು ಕಾಲುಗಳಿಂದ ತಬ್ಬಿ ಎತ್ತಿಕೊಂಡಿತ್ತು. ಹೆಣ್ಣು ಕಾಲು ಮುದುಡಿಕೊಂಡು ಸುಮ್ಮನಿತ್ತು.

"ಇದನ್ನು ನೋಡುತ್ತ ಕೂರು," ಎಂದರು ಗುರು.

"ಎಷ್ಟು ಹೊತ್ತು?"

"ಮುಗಿಯುವ ತನಕ."

"ನಾನು ಇಲ್ಲಿ ಕೂತರೆ ಸೋಮಿಯ ಬಾಗಿಲಿಗೆ ಯಾರು?"

"ಅವಳ ಬಾಗಿಲಿಗೆ ಚಿಲಕವಿದೆ. ಒಳಗಿನಿಂದ," ಎಂದು ಗುರು ಹೊರಟುಹೋದರು.

ಜಟ್ಟಪ್ಪ ಮುನಿಸಿನಿಂದಲೇ ಕೂತ. ಭರತದ ನೀರು ಬಂದಾಗ ಬಂಡೆ ಏರಿ ಕೂತ, ಇಳಿದಾಗ ಮತ್ತೆ ಬಗ್ಗಿ ನೋಡಿದ. ಕತ್ತಲಾದಾಗ ಗುಡಿಸಲಿಗೆ ಬಂದು, ಬೆಳಕು ಹರಿಯುವಾಗ ಮತ್ತೆ ಹೋದ.

ಮೊದಲ ದಿನ ಏನೂ ಆಗಲಿಲ್ಲ. ಗಂಡು ಹೆಣ್ಣನ್ನು ಬಿಡಲಿಲ್ಲ. ಎದುರಿಗೆ ಸತ್ತ ಮೀನು ತೇಲಿಬಂದರೂ ತಿನ್ನಲಿಲ್ಲ.

ಎರಡನೇ ದಿನ ಇನ್ನೊಂದು ಗಂಡು ಬಂತು. ಮೊದಲಿನದಕ್ಕಿಂತ ದೊಡ್ಡದು. ಇಕ್ಕಳದಂಥ ಎರಡು ಕೈ ಎತ್ತಿ ಮೇಲೆ ಬಿತ್ತು. ನೀರು ಕದಡಿ ಏನೂ ಕಾಣದಾಯಿತು. ತಿಳಿಯಾದಾಗ ದೊಡ್ಡದು ಹಿಂದೆ ಸರಿದಿತ್ತು. ಪೊಟರೆಯ ಗಂಡಿಗೆ ಒಂದು ಕೈ ಇರಲಿಲ್ಲ. ಕಿತ್ತ ಕೈ ತಳದಲ್ಲಿ ಬಿದ್ದಿತ್ತು. ಹೆಣ್ಣು ಮಾತ್ರ ಇದ್ದಲ್ಲೇ ಇತ್ತು.

ಜಟ್ಟಪ್ಪನಿಗೆ ಎದೆಯುಬ್ಬಿತು. ಸಂಜೆ ಓಡಿಬಂದು ಗುರುಗಳಿಗೆ ಹೇಳಿದ.

"ಗುರುವೇ, ಅದು ಥೇಟ್ ನನ್ನ ಹಾಗೆ!"

"ಪೂರ್ತಿ ನೋಡಿದೆಯಾ?"

"ಇನ್ನೇನಿದೆ ನೋಡುವುದು?"

"ಹೋಗಿ ನೋಡು."

ನಾಲ್ಕನೇ ದಿನ ಹೆಣ್ಣಿನ ಚಿಪ್ಪು ಹಿಂಬದಿಯಲ್ಲಿ ಬಿರಿಯಿತು. ಆ ಬಿರುಕಿನಿಂದ ಹೆಣ್ಣು ಹಿಂದಕ್ಕೆ ಜಾರಿ ಜಾರಿ ಹೊರಬಂತು. ಹಳೇ ಚಿಪ್ಪು ಕಾಲು ಕಣ್ಣುಗಳ ಆಕಾರ ಸಮೇತ ಒಂದು ಕಡೆ ಬಿತ್ತು. ಹೊಸ ಮೈ ಒದ್ದೆ ಬಟ್ಟೆಯಷ್ಟು ಮೆತ್ತಗಿತ್ತು. ಒಂದು ಸಣ್ಣ ಮೀನು ಬಂದು ಕುಕ್ಕಿದರೂ ಸಾಕಿತ್ತು, ಹರಿದುಹೋಗುತ್ತಿತ್ತು.

ಗಂಡು ಆಗ ಅದನ್ನು ಮೆಲ್ಲನೆ ಅಂಗಾತ ತಿರುಗಿಸಿ ಕೂಡಿತು. ಜಟ್ಟಪ್ಪ ಮುಖ ಆಚೆ ತಿರುಗಿಸಿದ. ಮತ್ತೆ ನೋಡಿದಾಗ ಗಂಡು ಹೆಣ್ಣಿನ ಮೇಲೆ ಕಾಲುಗಳನ್ನು ಪಂಜರದ ಹಾಗೆ ಊರಿ ನಿಂತಿತ್ತು. ಉಳಿದ ಒಂದೇ ಕೈಯನ್ನು ಹೊರಗೆ ಚಾಚಿತ್ತು.

ಹಾಗೆ ಎರಡು ದಿನ ನಿಂತಿತು.

ಮೂರನೇ ಬೆಳಿಗ್ಗೆ ಹೆಣ್ಣು ಅಲುಗಿತು. ಅದರ ಚಿಪ್ಪು ಗಟ್ಟಿಯಾಗಿತ್ತು. ಮೈ ಕೊಡವಿ ಗಂಡಿನ ಕಾಲುಗಳನ್ನು ತಳ್ಳಿತು. ಗಂಡು ಕಾಲು ಸಡಿಲಿಸಿತು. ಹೆಣ್ಣು ಅಡ್ಡಡ್ಡ ನಡೆದು ಬಂಡೆ ದಾಟಿ ಆಳದ ನೀರಿಗೆ ಹೋಯಿತು. ತಿರುಗಿ ನೋಡಲಿಲ್ಲ. ಗಂಡು ಬೆನ್ನು ಹತ್ತಲಿಲ್ಲ.

ಜಟ್ಟಪ್ಪ ಗುರುಗಳ ಮುಂದೆ ಬಂದು ನಿಂತ.

"ಮುಗಿಯಿತು," ಎಂದ. "ಅದು ಬಿಟ್ಟುಕೊಟ್ಟಿತು. ಮೂರ್ಖ ಏಡಿ. ಹೊಟ್ಟೆಗಿಲ್ಲದೆ ಕಾದು, ಕೈ ಕಳೆದುಕೊಂಡು, ಕೊನೆಗೆ ಬಿಟ್ಟುಕೊಟ್ಟಿತು."

"ಅದು ಹಿಡಿದದ್ದು ಯಾವಾಗ?"

"ಹೆಣ್ಣು ಮೆತ್ತಗಾಗುವ ಕಾಲಕ್ಕೆ."

"ಬಿಟ್ಟದ್ದು?"

"ಚಿಪ್ಪು ಗಟ್ಟಿಯಾದಾಗ."



ಜಟ್ಟಪ್ಪನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಬಂತು.

"ಏಡಿಯಿಂದ ಧರ್ಮ ಕಲಿಸುತ್ತೀರಾ ನನಗೆ? ಅದು ಕಾದದ್ದು ತನ್ನ ಆಸೆಗೆ. ಆಸೆ ತೀರಿತು, ಬಿಟ್ಟಿತು. ನನಗೆ ಅಂಥದ್ದೇನೂ ಇಲ್ಲ. ಸೋಮಿಯ ನೆರಳನ್ನೂ ನಾನು ಮುಟ್ಟಿಲ್ಲ. ನನಗೆ ಅವಳಿಂದ ಏನೂ ಬೇಡ!"

"ಏಡಿಗೆ ತನಗೇನು ಬೇಕೆಂದು ಗೊತ್ತಿತ್ತು," ಎಂದರು ಗುರು.

ಜಟ್ಟಪ್ಪನ ಕಿವಿ ಕೆಂಪಾಯಿತು. ನಮಸ್ಕಾರವನ್ನೂ ಮಾಡದೆ ಹೊರಟುಹೋದ.

*

ಬಾವಿಕಟ್ಟೆಯ ಬಳಿ ಸೋಮಿ ಸಿಕ್ಕಿದಳು. ಗುಡಿಸಲಿನ ಗೋಡೆ ತೆಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಜಟ್ಟಣ್ಣಾ, ನನ್ನ ಅಪ್ಪ ಇದ್ದಾಗ ಏಡಿ ಹಿಡಿಯುತ್ತಿದ್ದ. ನಾನು ಬೆಳೆದದ್ದು ಏಡಿಗಳ ನಡುವೆ. ನೀನು ಏಳು ದಿನ ಕೂತು ನೋಡಿದ್ದು ಅರ್ಧ."

"ಉಳಿದರ್ಧ ಏನು?"

"ಹೆಣ್ಣು ಕರೆಯದೆ ಗಂಡು ಬರುವುದಿಲ್ಲ. ಚಿಪ್ಪು ಕಳಚುವ ಕಾಲ ಬಂದಾಗ ಹೆಣ್ಣು ನೀರಿಗೆ ತನ್ನ ವಾಸನೆ ಬಿಡುತ್ತದೆ. ಆ ವಾಸನೆ ಹಿಡಿದು ಗಂಡು ಬರುತ್ತದೆ. ಕಾಲವಲ್ಲದ ಕಾಲದಲ್ಲಿ ಮೈಮೇಲೆ ಬಿದ್ದರೆ ಹೆಣ್ಣು ಒದ್ದು ಓಡುತ್ತದೆ."

ಜಟ್ಟಪ್ಪ ಬಾವಿಯ ಹಗ್ಗ ಸುತ್ತತೊಡಗಿದ.

"ಕೈ ಮುರಿದಿದ್ದಾಗ ನಾನು ಕರೆದೆ. ಬಾಯಿ ಬಿಟ್ಟು ಕರೆಯದಿದ್ದರೂ ಕರೆದೆ. ನೀನು ಬಂದೆ, ಏಟು ತಿಂದೆ. ಅದನ್ನು ಸಾಯುವ ತನಕ ಮರೆಯುವುದಿಲ್ಲ." ಅವಳು ಕೊಡ ಎತ್ತಿ ಸೊಂಟಕ್ಕಿಟ್ಟಳು, ಮುರಿದು ಕೂಡಿದ್ದ ಆ ಕೈಯಲ್ಲೇ. "ಈಗ ನಾನು ಕರೆಯುತ್ತಿಲ್ಲ."

"ಅಷ್ಟೆಲ್ಲ ಮಾಡಿದ್ದಕ್ಕೆ ಇದೇ ಮಾತೇ?"

"ಹೌದು. ಇದೇ ಮಾತು."

ಅದೇ ವಾರ ಆಚೆ ದಂಡೆಯಿಂದ ಹೇಳಿಕೆ ಬಂತು. ಅಲ್ಲಿಯ ಊರಿನ ಹಿರೀಕನನ್ನು ಬುದವಂತ ಎಂದು ಕರೆಯುತ್ತಿದ್ದರು. ಹೊನ್ನಪ್ಪ ಎಂದು ಅವನ ಹೆಸರು. ಗೋಯ್ದ ಅವನ ಮುಂದೆ ನ್ಯಾಯಕ್ಕೆ ಹೋಗಿದ್ದ. ಬರುವ ಸೋಮವಾರ ನಡುಹಗಲಿಗೆ ದೋಣಿ ಚಪ್ಪರದಲ್ಲಿ ಊರು ಸೇರುತ್ತದೆ, ಸೋಮಿಯ ವಿಷಯ ತೀರ್ಮಾನವಾಗುತ್ತದೆ ಎಂಬುದು ಹೇಳಿಕೆ.

"ನಾನು ಹೋಗುತ್ತೇನೆ," ಎಂದಳು ಸೋಮಿ.

"ಬೇಡ," ಎಂದ ಜಟ್ಟಪ್ಪ. "ನಾನು ಹೋಗಿ ಮಾತಾಡಿ ಬರುತ್ತೇನೆ."

"ಮುರಿದದ್ದು ನಿನ್ನ ಕೈಯಾ?"

"ಅವರು ನಿನ್ನನ್ನು ಹಿಡಿದಿಟ್ಟುಕೊಂಡರೆ?"

"ನೀನು ಹಿಡಿದಿಟ್ಟುಕೊಂಡದ್ದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಎಂದು ಆಗ ನೋಡುತ್ತೇನೆ."

ಗುರು ಅಲ್ಲೇ ಕೂತು ಗಂಜಿ ಉಣ್ಣುತ್ತಿದ್ದರು. ಅವಳ ಪರವಾಗಿಯೂ ಮಾತಾಡಲಿಲ್ಲ, ಇವನ ಪರವಾಗಿಯೂ ಮಾತಾಡಲಿಲ್ಲ.

*

ಸೋಮವಾರ ಬೆಳಿಗ್ಗೆ ಸೋಮಿ ತಲೆ ಬಾಚಿ, ಒಗೆದ ಸೀರೆ ಉಟ್ಟು ದೋಣಿಯ ಬಳಿ ಬಂದಳು. ದೋಣಿ ಇತ್ತು, ಹುಟ್ಟು ಇರಲಿಲ್ಲ.

"ಹುಟ್ಟು ಎಲ್ಲಿ, ಜಟ್ಟಣ್ಣ?"

"ಗೊತ್ತಿಲ್ಲ."

ಆಶ್ರಮಕ್ಕೆ ಬಂದ ಮೇಲೆ ಅವನು ಹೇಳಿದ ಮೊದಲ ಸುಳ್ಳು ಅದು.

ಗುರು ಬಂದು ಅವನ ಪಕ್ಕ ನಿಂತರು. ಅವನ ಬಲ ಮಣಿಕಟ್ಟನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಏನು ಗುರುವೇ?"

"ಏನಿಲ್ಲ. ನಿನ್ನನ್ನು ಕಾಯುತ್ತಿದ್ದೇನೆ."

"ಯಾತರಿಂದ?"

"ಹೊರಗೆ ಅಪಾಯವಿದೆ."

ಜಟ್ಟಪ್ಪ ನಗಲು ನೋಡಿದ. ಗುರು ನಗಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

"ಬಿಡಿ, ಗುರುವೇ."

"ನಿನಗೆ ತಿಳಿಯುವುದಿಲ್ಲ. ಕೂರು."

ಕೂತ. ಬಿಸಿಲೇರಿತು. ನೊಣ ಬಂದು ಮೂಗಿನ ಮೇಲೆ ಕೂತಿತು. ಬೇರೆ ಕೈಯಿಂದ ಓಡಿಸಲು ಹೋದ. ಗುರು ಆ ಕೈಯನ್ನೂ ಹಿಡಿದರು. ನೊಣವನ್ನು ತಾವೇ ಊದಿ ಓಡಿಸಿದರು.

"ನನಗೆ ಕೈ ಇದೆ!" ಎಂದು ಜಟ್ಟಪ್ಪ ರೇಗಿದ.

"ಇದೆ. ಅದಕ್ಕೇ ಹಿಡಿದದ್ದು."

"ನಾನು ಒಮ್ಮೆ ಕೊಡವಿದರೆ ನಿಮ್ಮ ಮೂಳೆ ಮುರಿಯುತ್ತದೆ."

"ಗೊತ್ತು. ಕೊಡವು."

ಜಟ್ಟಪ್ಪ ಕೊಡವಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು. "ನೀವು ಒಳ್ಳೆಯದಕ್ಕೇ ಹಿಡಿದಿದ್ದೀರಿ. ಆದರೂ ನನಗೆ ಉಸಿರು ಕಟ್ಟುತ್ತಿದೆ," ಎಂದ.

ಅಷ್ಟರಲ್ಲಿ ನೀರಿನ ಸದ್ದು ಕೇಳಿಸಿತು.

ಸೋಮಿ ಹುಟ್ಟಿಗಾಗಿ ಕಾದಿರಲಿಲ್ಲ. ಸೀರೆಯನ್ನು ಮೇಲೆತ್ತಿ ಕಟ್ಟಿ ನದಿಗೆ ಇಳಿದಿದ್ದಳು. ನೀರು ಇಳಿಯುವ ಹೊತ್ತು, ಆದರೂ ನಡುವೆ ಎದೆಮಟ್ಟ. ಸಮುದ್ರದ ಕಡೆಗೆ ಸೆಳೆತ. ಅವಳು ಓರೆಯಾಗಿ, ಒಂದೊಂದೇ ಹೆಜ್ಜೆ ಊರಿ ನಡೆಯುತ್ತಿದ್ದಳು.

"ಸೋಮೀ!" ಜಟ್ಟಪ್ಪ ಕೂಗಿದ. "ಹುಟ್ಟು ಕಾಂಡ್ಲ ಗಿಡದ ಬುಡದಲ್ಲಿದೆ! ತಿರುಗಿ ಬಾ, ದೋಣಿಯಲ್ಲಿ ಹೋಗೋಣ!"

ಅವಳು ತಿರುಗಲಿಲ್ಲ.

ಗುರು ಅವನ ಎರಡೂ ಕೈ ಬಿಟ್ಟರು.

ಜಟ್ಟಪ್ಪ ಓಡಿ ಹುಟ್ಟು ತಂದ. ಗುರು ದೋಣಿ ಹತ್ತಿದರು. ನದಿಯ ನಡುವೆ ದೋಣಿ ಅವಳ ಪಕ್ಕಕ್ಕೆ ಬಂತು.

"ಹತ್ತು," ಎಂದ ಜಟ್ಟಪ್ಪ.

"ಹತ್ತುವುದಿಲ್ಲ," ಎಂದಳು ಸೋಮಿ. ಅಲೆ ಅವಳ ಗಲ್ಲಕ್ಕೆ ಬಡಿಯುತ್ತಿತ್ತು. "ನಾನು ನಡೆದೇ ಬಂದೆ ಎಂದು ಅವರು ನೋಡಬೇಕು."

ಜಟ್ಟಪ್ಪ ಗುರುಗಳ ಮುಖ ನೋಡಿದ. ಗುರು ಆಚೆ ದಂಡೆ ನೋಡುತ್ತಿದ್ದರು.

ಅವನು ದೋಣಿಯನ್ನು ಹಿಂದಕ್ಕೆ ತೆಗೆದ. ಅವಳಿಂದ ಹತ್ತು ಮಾರು ಹಿಂದೆ, ಅವಳ ವೇಗಕ್ಕೇ ಹುಟ್ಟು ಹಾಕಿದ. ಅವನ ಬದುಕಿನಲ್ಲಿ ಅಷ್ಟು ನಿಧಾನವಾಗಿ ಅವನು ಎಂದೂ ಹುಟ್ಟು ಹಾಕಿರಲಿಲ್ಲ.

*

ದೋಣಿ ಚಪ್ಪರದಲ್ಲಿ ಊರು ಸೇರಿತ್ತು. ಸೋಮಿ ನೀರು ಸೋರುವ ಸೀರೆಯಲ್ಲೇ ಬಂದು ನಡುವೆ ನಿಂತಳು. ಜಟ್ಟಪ್ಪ, ಗುರು ಹಿಂದುಗಡೆ, ಜನರ ನಡುವೆ ನಿಂತರು. ಬೀರಮ್ಮ ಮತ್ತು ಬಳಚು ಹೆಕ್ಕುವ ಹೆಂಗಸರು ಬುಟ್ಟಿ ಸಮೇತ ಬಂದಿದ್ದರು.

ಗೋಯ್ದ ಹೇಳಿದ: "ಇವಳು ನನ್ನ ಹೆಂಡತಿ. ಮನೆ ಬಿಟ್ಟು ಓಡಿಹೋಗಿದ್ದಾಳೆ. ಕರೆದುಕೊಂಡು ಹೋಗುತ್ತೇನೆ. ಅಷ್ಟೇ."

ಬುದವಂತ ಹೊನ್ನಪ್ಪ ಕೇಳಿದ: "ಸೋಮಿ, ನಿನಗೆ ಅಪ್ಪನಿಲ್ಲ, ಅಣ್ಣತಮ್ಮಂದಿರಿಲ್ಲ. ನಿನ್ನ ಬೆನ್ನಿಗೆ ಯಾರಿದ್ದಾರೆ?"

"ನನ್ನ ಬೆನ್ನು ಇದೆ," ಎಂದಳು ಸೋಮಿ. "ಅದರ ಮೇಲೆ ಇವನ ಬೆತ್ತದ ಗುರುತೂ ಇದೆ. ಬೇಕಾದವರು ಬಂದು ನೋಡಲಿ."

ಯಾರೂ ಬರಲಿಲ್ಲ.

ಗೋಯ್ದ ಎದ್ದ. ಕೈ ಎತ್ತಿ ಮುಂದೆ ಬಂದ. ಜಟ್ಟಪ್ಪನ ಮುಷ್ಟಿ ಬಿಗಿಯಿತು. ಆದರೆ ಅವನು ನಿಂತಲ್ಲಿಂದ ಅಲುಗಲಿಲ್ಲ.

ಸೋಮಿ ಹಿಂದೆ ಸರಿಯಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

"ಹೊಡಿ," ಎಂದಳು. "ಒಳಗೆ ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದೆ. ಇವತ್ತು ಊರ ಮುಂದೆ ಹೊಡಿ. ನಾನು ಅಳುವುದಿಲ್ಲ."

ಗೋಯ್ದ ಸುತ್ತ ನೋಡಿದ. ಬಳಚು ಹೆಕ್ಕುವ ಹೆಂಗಸರು ಬುಟ್ಟಿ ಕೆಳಗಿಟ್ಟು ಎದ್ದು ನಿಂತಿದ್ದರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದರಿಂದ ತಲೆ ಕೆರೆದುಕೊಂಡ. ಯಾರೋ ನಕ್ಕರು. ಅವನು ಕೂತ.

ಬುದವಂತನಿಗೆ ಪೇಚಾಟವಾಯಿತು. ಗುರುಗಳ ಕಡೆಗೆ ತಿರುಗಿದ. "ಅಯ್ಯನವರೇ, ಇವಳು ನಿಮ್ಮಲ್ಲಿದ್ದವಳು. ಇವಳನ್ನು ಏನು ಮಾಡೋಣ? ನೀವೇ ಒಂದು ಮಾತು ಹೇಳಿ."

"ಅವಳು ಇಲ್ಲೇ ನಿಂತಿದ್ದಾಳೆ," ಎಂದರು ಗುರು. "ನನ್ನನ್ನೇಕೆ ಕೇಳುತ್ತೀ?"

ಬುದವಂತ ಗಲ್ಲ ತಿಕ್ಕಿಕೊಂಡ. ಆಮೇಲೆ ಅವನಿಗೆ ಒಂದು ದಾರಿ ಹೊಳೆಯಿತು. "ಗೋಯ್ದನ ಮನೆ ಬೇಡವೆಂದರೆ ಬೇಡ. ಒಂಟಿ ಹೆಂಗಸನ್ನು ಹಾಗೇ ಬಿಡಲು ಊರಿಗೆ ಬರುವುದಿಲ್ಲ. ಇವಳಿಗಾಗಿ ಏಟು ತಿಂದವನು ಒಬ್ಬನಿದ್ದಾನಲ್ಲ. ಜಟ್ಟಪ್ಪ, ಮುಂದೆ ಬಾ. ಇವಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಹೊಣೆ ಹೊರುತ್ತೀಯಾ?"

ಎಲ್ಲರೂ ಜಟ್ಟಪ್ಪನ ಕಡೆ ತಿರುಗಿದರು.

ಜಟ್ಟಪ್ಪ ಸೋಮಿಯನ್ನು ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ನೆಟ್ಟಗೆ ನದಿಯ ಕಡೆ ನೋಡುತ್ತಿದ್ದಳು. ಕುತ್ತಿಗೆಯ ನರ ಬಿಗಿದಿತ್ತು.

 ಅವನು ನೆಲ ನೋಡಿದ, ಮತ್ತೆ ಅವಳನ್ನು ನೋಡಿದ.

"ಏನೋ ಮಾರಾಯ, ಹೇಳು," ಎಂದ ಬುದವಂತ.

"ಇಲ್ಲ," ಎಂದ ಜಟ್ಟಪ್ಪ.

"ಬೇಡವಾ?"

"ಕೊಡಲು ಅವಳು ನಿಮ್ಮವಳಲ್ಲ. ತೆಗೆದುಕೊಳ್ಳಲು ನಾನು ಯಾರು?"

ಆಗ ಸೋಮಿ ಬುದವಂತನ ಕಡೆ ತಿರುಗಿದಳು. "ನನ್ನನ್ನು ಯಾರ ಕೈಗೂ ಒಪ್ಪಿಸಬೇಡಿ," ಎಂದಳು. ಎರಡೂ ಕೈ ಮುಂದೆ ಚಾಚಿದಳು. ಎಡಗೈ ಕೂಡಿದ ಕಡೆ ಸ್ವಲ್ಪ ಸೊಟ್ಟಗಿತ್ತು. "ನನಗೇ ಎರಡಿವೆ. ಬಳಚು ಹೆಕ್ಕಿ ಬದುಕುತ್ತೇನೆ. ಬೀರಮ್ಮನ ಅಂಗಳದಲ್ಲಿ ಒಂದು ಚಪ್ಪರ ಹಾಕಿಕೊಳ್ಳುತ್ತೇನೆ. ಬರುವವರು ಹೊರಗೆ ನಿಂತು ಕರೆಯಬೇಕು. ನಾನು ಓಗೊಟ್ಟರೆ ಒಳಗೆ ಬರಬೇಕು. ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು. ಇದು ಊರಿಗೆ ಒಪ್ಪಿಗೆಯಾದರೆ ಸರಿ. ಆಗದಿದ್ದರೂ ಹೀಗೇ."

"ನನ್ನ ಅಂಗಳ ನನ್ನದು, ಹೊನ್ನಪ್ಪ," ಎಂದು ಬೀರಮ್ಮ ಹಿಂದಿನಿಂದ ಗಂಟಲೆತ್ತಿದಳು. "ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ."

ಹೆಂಗಸರು ನಕ್ಕರು. ಒಬ್ಬಿಬ್ಬರು ಗಂಡಸರೂ ನಕ್ಕರು.

ಬುದವಂತ ಹೆಗಲ ವಸ್ತ್ರ ಕೊಡವಿ ಎದ್ದ. "ಹಾಗಾದರೆ ಹಾಗೇ ಆಗಲಿ," ಎಂದ. "ಗೋಯ್ದ, ನೀನು ಇವಳ ಅಂಗಳಕ್ಕೆ ಕಾಲಿಟ್ಟರೆ ನಿನ್ನ ದೋಣಿಯನ್ನು ಊರಿನವರು ಯಾರೂ ನೀರಿಗಿಳಿಸಲು ಕೈ ಜೋಡಿಸುವುದಿಲ್ಲ. ತಿಳಿಯಿತಾ?"

ಗೋಯ್ದ ನೆಲಕ್ಕೆ ಉಗುಳಿ ತಮ್ಮಂದಿರೊಡನೆ ಹೊರಟುಹೋದ.

ಜನ ಚದುರಿದರು. ಸೋಮಿ ಜಟ್ಟಪ್ಪನ ಮುಂದೆ ಬಂದು ನಿಂತಳು.  ಸೆರಗಿನ ನೀರು ಹಿಂಡಿ, ಬೀರಮ್ಮನ ಹಿಂದೆ ಅಳಿವೆಯ ಕೆಸರಿನ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಯಾರೋ ಅವಳ ಸೊಂಟಕ್ಕೆ ಬುಟ್ಟಿ ಕೊಟ್ಟರು.

*

ಮರಳುವಾಗ ದೋಣಿಯಲ್ಲಿ ಇಬ್ಬರೇ.

ನಡುನೀರಿನಲ್ಲಿ ಜಟ್ಟಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. 

"ಗುರುವೇ, ನನ್ನನ್ನು ಇಲ್ಲೇ ಇಳಿಸಿಬಿಡಿ. ನಾನು ನಿಮ್ಮ ಶಿಷ್ಯನಾಗಿರಲು ಲಾಯಕ್ಕಲ್ಲ."

"ಏಕೆ?"

"ಬುದವಂತ ಕೇಳಿದಾಗ ಹೂಂ ಎನ್ನಬೇಕು ಅನ್ನಿಸಿತು. ಅದೊಂದು ಮಾತಿಗಾಗಿಯೇ ನಾನು ಇಷ್ಟು ದಿನ ಕಾದಿದ್ದೆ ಅನ್ನಿಸಿತು. ಅವಳ ಮುಖ ನೋಡಿದ ಮೇಲೂ ಅನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ನನ್ನನ್ನು ಒಳ್ಳೆಯವನು ಎಂದುಕೊಂಡರು." ಅವನು ಎದೆಗೆ ಗುದ್ದಿಕೊಂಡ. "ಇದರೊಳಗೆ ಇನ್ನೊಬ್ಬ ಗೋಯ್ದ ಕೂತಿದ್ದಾನೆ, ಗುರುವೇ."

ದೋಣಿ ನೀರಿನ ಮೇಲೆ ತಾನಾಗಿಯೇ ಅರ್ಧ ಸುತ್ತು ತಿರುಗಿತು.

"ಹೊರಗೆ ಬಂದನೇ?" ಎಂದರು ಗುರು.

"ಇಲ್ಲ."

"ಏಕೆ ಬರಲಿಲ್ಲ?"

ಜಟ್ಟಪ್ಪ ಯೋಚಿಸಿದ. ಅದುವರೆಗೆ ಅದನ್ನು ಅವನು ಯೋಚಿಸಿರಲಿಲ್ಲ.

"ನಾನು ಬಿಡಲಿಲ್ಲ," ಎಂದ.

"ಹಾಗಾದರೆ ಇನ್ನು ನಿನಗೆ ಬಿಡುವಿಲ್ಲ. ಅವನ ಬಾಗಿಲಿಗೆ ಕಾವಲಿರು," ಎಂದರು ಗುರು. "ಹುಟ್ಟು ಹಾಕು. ನೀರು ಏರುತ್ತಿದೆ."